ಮನೆಗೊಂದು ಹಂಚು

ಮೊನ್ನೆ ದುರ್ಗದಿಂದ ಬಂದಿದ್ದ ನನ್ನ ತಂಗಿ, ರೊಟ್ಟಿ ಮುಗಿದ ಮೇಲೆ ಹಂಚನ್ನು ತಿಕ್ಕಿಡುತ್ತೇನೆಂದು ಹಿತ್ತಿಲಿಗೆ ಒಯ್ದಳು. ನಾನು ಬೇಡವೆಂದೆ. ರೊಟ್ಟಿ ಹಂಚಿನ ಬೆನ್ನು ತಿಕ್ಕುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಮಸಿ ಇದ್ದಷ್ಟೂ ರೊಟ್ಟಿ ಚೆನ್ನಾಗಿ ಉಬ್ಬುತ್ತದೆ ಎಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ನನ್ನ ಸೋಮಾರಿತನಕ್ಕೆ ನಾನೇ ಹುಡುಕಿಕೊಂಡ ಶಾಸ್ತ್ರ ಅದು. ಅವಳು ಕೇಳಬೇಕಲ್ಲ. ಸ್ವಲ್ಪ ಹೊತ್ತಿಗೆ ಹಿತ್ತಿಲಿನಿಂದಲೇ ಕೂಗಿದಳು.

"ಅಕ್ಕಾ, ಲಕ್ಕವ್ವ ಅಂದ್ರೆ ಯಾರೇ? ನಿಮ್ಮತ್ತೆ ಹೆಸರು ತಿಮ್ಮಕ್ಕ ಅಲ್ವಾ?"

ಮಸಿಯ ಕೆಳಗೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಆ ಹೆಸರು ಇಷ್ಟು ವರ್ಷಗಳ ಮೇಲೆ ಬಿಸಿಲು ಕಂಡಿತ್ತು. ತಂಗಿ ನನ್ನ ಮುಖವನ್ನೂ ಹಂಚಿನ ಬೆನ್ನನ್ನೂ ಒಂದೇ ಅನುಮಾನದಿಂದ ನೋಡಿ, "ಕಡ ತಂದಿದ್ದನ್ನ ವಾಪಸ್ ಕೊಡೋದು ಮರ್ತಿದೀಯ" ಎಂದಳು. ಕಡ ತಂದದ್ದಲ್ಲ ಮಾರಾಯಿತಿ, ಒಂದು ಪಡಸಾಲೆಯ ಸೂರು ಕೊಟ್ಟು ಪಡೆದದ್ದು ಎಂದರೆ ನಂಬಲಿಲ್ಲ. ಹೇಳತೊಡಗಿದರೆ ಬಸ್ಸಿಗೆ ಹೊತ್ತಾಯಿತೆಂದು ಅರ್ಧಕ್ಕೇ ಎದ್ದು ಹೋದಳು. ನಿಮಗೆ ಬಸ್ಸಿನ ಅವಸರ ಇಲ್ಲದಿದ್ದರೆ ಕೂತುಕೊಳ್ಳಿ, ಪೂರ್ತಿ ಹೇಳುತ್ತೇನೆ.

ಮೊದಲು ಈ ಹಂಚು ಎಂಬ ಮಾತಿನ ವಿಚಾರ. ರೊಟ್ಟಿ ಸುಡುವುದೂ ಹಂಚು, ಮನೆಯ ಮೇಲೆ ಹೊದಿಸುವುದೂ ಹಂಚು. ಓದಿದವರು ಎರಡನೆಯದನ್ನು ಹೆಂಚು ಎಂದು ಬರೆದು ಬೇರೆ ಮಾಡಲು ನೋಡುತ್ತಾರೆ. ನಮ್ಮ ಕಡೆಯ ಬಾಯಿಗೆ ಬರುವ ಹೊತ್ತಿಗೆ ಅವೆರಡೂ ಮತ್ತೆ ಒಂದಾಗಿರುತ್ತವೆ. ಸಾಲದ್ದಕ್ಕೆ ಪಾಲು ಮಾಡಿ ಕೊಡುವುದನ್ನೂ ಹಂಚುವುದು ಎಂದೇ ಅನ್ನುತ್ತೇವೆ. ಒಂದೇ ಮಾತಿಗೆ ಇಷ್ಟು ಕೆಲಸ ಹೊರಿಸಿದರೆ ಅದು ಒಂದಲ್ಲ ಒಂದು ದಿನ ಎಡವದೇ ಇರುತ್ತದೆಯೇ? ಅದು ಎಡವಿದ ದಿನ ನಾನು ಅಲ್ಲೇ ಇದ್ದೆ, ಕೈಯಲ್ಲಿ ಮೈಕ್ ಹಿಡಿದುಕೊಂಡು.

ನಾನು ಈ ಊರಿಗೆ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ. ಹೊಸದುರ್ಗದಿಂದ ಮತ್ತೋಡಿಗೆ ಹೋಗಿ, ಅಲ್ಲಿಂದ ತೆಂಗಿನ ತೋಟ, ಬಯಲು ಹೊಲ ಎರಡನ್ನೂ ದಾಟಿ ಒಳಕ್ಕೆ ಬಂದರೆ ಸಿಗುವ ಊರು. ದುರ್ಗದಲ್ಲಿ ಬಿ.ಎ. ಮಾಡಿದವಳೆಂಬ ಹಮ್ಮು ನನಗಿತ್ತು. ಹೊಸಿಲು ದಾಟಿದ ಮಾರನೆಯ ದಿನ ಅತ್ತೆ ಏನೇನು ಅಡುಗೆ ಬರುತ್ತದೆಂದು ಕೇಳುತ್ತಾರೆಂದು ಉತ್ತರ ತಯಾರು ಮಾಡಿಕೊಂಡಿದ್ದೆ. ಅತ್ತೆ ಕೇಳಿದ್ದು ಬೇರೆ.

"ಕೋಲು ಹಿಡಿಯಾಕೆ ಬರ್ತೈತೇನವ್ವ?"

ದನ ಹೊಡೆಯುವ ಕೋಲಿರಬೇಕೆಂದುಕೊಂಡು, ದನ ಕಂಡರೆ ಹೆದರಿಕೆ ಎಂದೆ. ಅತ್ತೆ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಅವರು ಕೇಳಿದ್ದು ಕೋಲಾಟದ ಕೋಲು. ನಮ್ಮೂರಿನ ಹೆಂಗಸರ ಕೋಲಾಟಕ್ಕೆ ತಿಮ್ಮಕ್ಕನವರೇ ಮುಂದಾಳು, ಪದ ಹೇಳುವವರೂ ಅವರೇ. ಆ ಸಂಜೆಯೇ ನನ್ನ ಪರೀಕ್ಷೆ ನಡೆಯಿತು. ಶಾಲೆಯಲ್ಲಿ ಲೇಜಿಮ್ ಆಡಿದ್ದೇನೆಂಬ ಧೈರ್ಯದಲ್ಲಿ ನಿಂತೆ. ಮೊದಲ ಸುತ್ತಿನಲ್ಲಿ ಎದುರಿನವರ ಬೆರಳಿನ ಗೆಣ್ಣಿಗೆ ಹೊಡೆದೆ, ಎರಡನೆಯ ಸುತ್ತಿನಲ್ಲಿ ಪಕ್ಕದವರ ಮೊಣಕೈಗೆ ಹೊಡೆದೆ. ಮೂರನೆಯ ಸುತ್ತಿಗೆ ನನ್ನ ಎದುರು ನಿಲ್ಲಲು ಯಾರೂ ಒಪ್ಪಲಿಲ್ಲ. ಅತ್ತೆ ನನ್ನ ಕೈಯಿಂದ ಕೋಲು ಇಸಿದುಕೊಂಡು, "ನೀನು ಮಾತಾಡಾಕೆ ಸರಿ" ಎಂದು ತೀರ್ಪು ಕೊಟ್ಟರು. ಮನೆಗೆ ಬರುವ ದಾರಿಯುದ್ದಕ್ಕೂ ಅದು ಹೊಗಳಿಕೆಯೋ ತೆಗಳಿಕೆಯೋ ಎಂದು ಯೋಚಿಸಿದೆ.

ನಮ್ಮೂರಿನ ಗಂಡಸರ ಭಜನೆಗೆ ಗುಡಿಯಿತ್ತು, ಇಸ್ಪೀಟಿಗೆ ಅರಳಿಕಟ್ಟೆಯಿತ್ತು. ಹೆಂಗಸರ ಕೋಲಾಟಕ್ಕೆ ಇದ್ದದ್ದು ಬೀದಿ. ಮಣ್ಣಿನ ಬೀದಿಯಾಗಿದ್ದಾಗ ಅದೂ ಚೆನ್ನಾಗಿತ್ತಂತೆ. ಯಾವಾಗ ಟಾರು ಬಿತ್ತೋ ಆಗ ಸಂಜೆಯ ಬಸ್ಸು ಬರತೊಡಗಿತು, ಅದರ ಹಿಂದೆ ಬೈಕುಗಳು ಬಂದವು. ಪದ ಇನ್ನೇನು ಏರಿಗೆ ಬಂತು ಎನ್ನುವಾಗ ಡ್ರೈವರು ಹಾರನ್ ಒತ್ತಿ, "ಅಮ್ಮಾ, ಈಟು ಸರ್ಕಳ್ರಿ, ಬಸ್ಸು ಹೋಗ್ಲಿ" ಎನ್ನುವನು. ಸುತ್ತು ಒಡೆದು ಎಲ್ಲರೂ ಚರಂಡಿಯ ಅಂಚಿಗೆ ನಿಲ್ಲುವರು. ಬಸ್ಸಿನ ಕಿಟಕಿಯಿಂದ ಯಾರದೋ ಬೀಗರು, "ತಿಮ್ಮಕ್ಕ, ಚೆನಾಗಿದೀರಾ?" ಎಂದು ಕೇಳುವರು. ಚೆನ್ನಾಗಿದ್ದೇವೆಂದು ಹೇಳಿ, ಮಳೆ ಬೆಳೆ ವಿಚಾರಿಸಿ ಮತ್ತೆ ಸುತ್ತು ಕಟ್ಟುವಷ್ಟರಲ್ಲಿ ಪದ ಎಲ್ಲಿಗೆ ನಿಂತಿತ್ತೆಂಬುದೇ ಮರೆತುಹೋಗಿರುತ್ತಿತ್ತು.

ಬಸ್ಸಿಗಿಂತ ದೊಡ್ಡ ಕಾಟ ಬೈಕುಗಳದು. ಪಡ್ಡೆಗಳು ಬೈಕು ನಿಲ್ಲಿಸಿಕೊಂಡು ನೋಡುತ್ತ ನಿಲ್ಲತೊಡಗಿದ ಮೇಲೆ ಹರೆಯದ ಹುಡುಗಿಯರು ಒಬ್ಬೊಬ್ಬರಾಗಿ ಕಳಚಿಕೊಂಡರು. "ಬೀದೀಲಿ ಕುಣಿಯಾಕೆ ನಾಚ್ಕೆ ಆಗ್ತೈತಜ್ಜಿ" ಎಂದು ಪಕ್ಕದ ಮನೆಯ ಸವಿತಾ ಎಂಬ ಹುಡುಗಿ ಬಾಯಿಬಿಟ್ಟು ಹೇಳಿದಳು. ಉಳಿದವರು ಹೇಳದೆಯೇ ಬಿಟ್ಟರು. ಕೊನೆಗೆ ಸುತ್ತಿನಲ್ಲಿ ಇದ್ದವರೆಲ್ಲ ಮಂಡಿನೋವಿನವರೇ. ಅತ್ತೆ ಬೈಗುಳಕ್ಕೆ ಹೆಸರಾದವರು, ಆದರೆ ಹುಡುಗಿಯರನ್ನು ಬೈಯಲಿಲ್ಲ. ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ ಇದ್ದಕ್ಕಿದ್ದಂತೆ ಹೇಳಿದರು:

"ಸಾಯಾದಕ್ಕೆ ನಂಗೇನು ಬ್ಯಾಸ್ರ ಇಲ್ಲ ಕಣೆ. ಈ ಪದ ಎಲ್ಲ ನಮ್ಮವ್ವ ನಂಗೆ ಕೊಟ್ಟಿದ್ದು. ನಂಜತೆ ಮಣ್ಣಿಗೆ ಹೋಗ್ಬಾರ್ದು, ಅಷ್ಟೇಯ."

ಮಾತಾಡುವುದಕ್ಕೆ ಸರಿ ಎನಿಸಿಕೊಂಡವಳು ಸುಮ್ಮನೆ ಕಾಯಿ ಸುಲಿದೆ.

ಊರಿನಲ್ಲಿ ಒಂದು ಸಮುದಾಯ ಭವನ ಇತ್ತು, ಇರಲಿಲ್ಲ ಎಂದರೂ ಸರಿಯೇ. ಯಾವುದೋ ಕಾಲದಲ್ಲಿ ಯಾವುದೋ ಯೋಜನೆಯಲ್ಲಿ ಗೋಡೆ ಎದ್ದಿದ್ದವು, ಮೇಲೆ ತೊಲೆ, ರೀಪು ಕೂತಿದ್ದವು, ಹಂಚು ಹೊದಿಸುವ ಹೊತ್ತಿಗೆ ಯೋಜನೆ ಮುಗಿದಿತ್ತು. ಒಳಗೆ ಹೊಂಗೆ ಗಿಡ ಬೆಳೆದು ನಾಯಿಗಳು ಸಂಸಾರ ಹೂಡಿದ್ದವು. ಅದಕ್ಕೊಂದು ಸೂರು ಬಿದ್ದರೆ ಹೆಂಗಸರಿಗೆ ಗೋಡೆ ಸಿಗುತ್ತದೆ, ಗೋಡೆಯೊಳಗೆ ಹುಡುಗಿಯರು ಬರುತ್ತಾರೆ ಎಂಬುದು ಅತ್ತೆಯ ಆಸೆ. ಆದರೆ ಭವನದ ಕಮಿಟಿ ಅಧ್ಯಕ್ಷ ಪರಮೇಶಣ್ಣನಿಗೆ ಬೇರೆ ಆಸೆಯಿತ್ತು. ಆ ವರ್ಷ ಅವನು ಹೊಲ ಪೂರ್ತಿ ಈರುಳ್ಳಿ ಹಾಕಿದ್ದ. ತೊಲೆಯ ಮೇಲೆ ತೆಂಗಿನ ಗರಿ ಹೊದಿಸಿದರೆ ಗಾಳಿಯಾಡುವ ಒಳ್ಳೆಯ ಈರುಳ್ಳಿ ಮನೆಯಾಗುತ್ತದೆಂದು ಗರಿ ಹೆಣೆಸಿ ಕಂತೆ ಕಟ್ಟಿಸಿಟ್ಟೂ ಬಿಟ್ಟಿದ್ದ.

ಕೆಟ್ಟವನಲ್ಲ ಪರಮೇಶಣ್ಣ. ಖಾಲಿ ಜಾಗ ಕಂಡರೆ ಈರುಳ್ಳಿ ಕಾಣುತ್ತಿತ್ತು, ಅಷ್ಟೆ. ಅತ್ತೆ ಹತ್ತು ಜನರನ್ನು ಕಟ್ಟಿಕೊಂಡು ಅವನ ಮನೆ ಮುಂದೆ ಹೋಗಿ ಕುಂತಾಗ ಅವನು ಒಂದು ಮಾತು ಕೊಟ್ಟ.

"ನೋಡಕ್ಕ, ಈರುಳ್ಳಿ ಕೀಳಾದ್ರೊಳಗೆ ಸೂರು ಹಾಕ್ಸಿದ್ರೆ ಭವನ ನಿಮ್ದು. ಇಲ್ಲಾಂದ್ರೆ ಈರುಳ್ಳೀದು. ಒಂದ್ಸಲ ಅದು ಒಳಗೆ ಹೋತು ಅಂದ್ರೆ ವರ್ಷಾ ವರ್ಷ ಹೋಗ್ತೈತೆ. ಆಮೇಲೆ ನನ್ನ ಕೇಳ್ಬ್ಯಾಡ್ರಿ."

ಗೌರಿ ಹಬ್ಬಕ್ಕೆ ಇನ್ನು ಸ್ವಲ್ಪ ದಿನವಿತ್ತು. ಈರುಳ್ಳಿ ಕೀಳುವುದು ಮಾರ್ನವಮಿಯ ಹೊತ್ತಿಗೆ.

ಸಹಾಯಾರ್ಥ ಪ್ರದರ್ಶನ ಎಂಬ ಮಾತನ್ನು ಊರಿಗೆ ತಂದವಳು ನಾನು. ದುರ್ಗದ ಗೋಡೆಗಳ ಮೇಲೆ ಅಂಥ ಪೋಸ್ಟರುಗಳನ್ನು ಓದಿಕೊಂಡೇ ನಾನು ಕಾಲೇಜಿಗೆ ಹೋಗುತ್ತಿದ್ದುದು. ಜನ ಟಿಕೆಟ್ ತೆಗೆದುಕೊಂಡು ಹಾಡು ಕುಣಿತ ನೋಡುತ್ತಾರೆ, ಬಂದ ಹಣ ಒಳ್ಳೆಯ ಕೆಲಸಕ್ಕೆ ಹೋಗುತ್ತದೆ ಎಂದು ವಿವರಿಸಿದೆ. ಅತ್ತೆ ಮುಖ ಕಿವುಚಿದರು.

"ದುಡ್ಡಿಸ್ಕಂಡು ಕುಣಿಯಾದಾ? ಅದಕ್ಕೆ ಬ್ಯಾರೆ ಹೆಸ್ರೈತೆ."

"ಮತ್ತೆ ಹಂಚು ಎಲ್ಲಿಂದ ಬರಬೇಕತ್ತೆ?"

"ಹಂಚು ಬೇಕಿದ್ರೆ ಹಂಚನ್ನೇ ಕೇಳು. ದುಡ್ಡು ಯಾಕೆ ಕೇಳ್ತೀಯ?"

ಎಂಥ ನೇರ ಮಾತು ನೋಡಿ. ನನ್ನ ಬಿ.ಎ.ಗೆ ಅದು ಹೊಳೆದಿರಲಿಲ್ಲ. ಪ್ರತಿ ಮನೆಯ ಹಿತ್ತಿಲಲ್ಲೂ ನಾಲ್ಕು ಹಂಚು ಮಿಕ್ಕಿ ಬಿದ್ದಿರುತ್ತವೆ. ಸುತ್ತಲಿನ ಊರವರು ಒಂದೊಂದು ತಂದರೂ ಭವನ ಮುಚ್ಚುತ್ತದೆ. ನಾನು ಕೂಡಲೇ ಕರಪತ್ರ ಬರೆದೆ: ಸಮುದಾಯ ಭವನದ ಸಹಾಯಾರ್ಥ ಜಾನಪದ ಸಂಜೆ, ಆಗಮಿಸುವವರು ಮನೆಗೊಂದು ಹೆಂಚು ತರಬೇಕಾಗಿ ವಿನಂತಿ. ಹೊಸದುರ್ಗದ ಪ್ರೆಸ್ಸಿನವನು ಅಚ್ಚು ಜೋಡಿಸುತ್ತ ಹೆಂಚನ್ನು ಹಂಚು ಮಾಡಿದ. ಯಾಕೆಂದು ಕೇಳಿದರೆ, "ನಮ್ ಕಡೆ ಹೆಂಚು ಅಂದ್ರೆ ಯಾರಿಗೆ ತಿಳೀತೈತೆ ಮೇಡಂ? ತಿಳಿಯೋ ಹಂಗೆ ಹಾಕಿದೀನಿ" ಎಂದ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಅದು ಎಲ್ಲರಿಗೂ ತಿಳಿಯಿತು, ಒಬ್ಬೊಬ್ಬರಿಗೆ ಒಂದೊಂದು ಥರ.

ಜಾನಪದ ಸಂಜೆಯ ದಿನ ಮಧ್ಯಾಹ್ನದಿಂದಲೇ ಜನ ಬರತೊಡಗಿದರು. ನಮ್ಮೂರವರು, ಹಟ್ಟಿಯ ಕುರಿಯವರು, ಮತ್ತೋಡಿನ ಕಡೆಯವರು ಎಲ್ಲ ತಲೆಯ ಮೇಲೆ, ಸೈಕಲ್ಲಿನ ಹಿಂದೆ, ಕಂಕುಳಲ್ಲಿ ಸೂರಿನ ಹಂಚು ತಂದರು. ಭವನದ ಗೋಡೆಗೆ ಒರಗಿಸಿದ ಸಾಲು ಬೆಳೆಯುತ್ತಿದ್ದರೆ ಅತ್ತೆ ಅದರ ಮುಂದೆ ಓಡಾಡುತ್ತ ಕಣ್ಣಲ್ಲೇ ಸೂರು ಹೊದಿಸುತ್ತಿದ್ದರು. ಅಷ್ಟರಲ್ಲಿ ಹೊರಕೆರೆದೇವಪುರದ ಕಡೆಯಿಂದ ಒಂದು ಟ್ರ್ಯಾಕ್ಟರ್ ಬಂತು. ನಮ್ಮೂರ ಹೆಣ್ಣೊಬ್ಬಳನ್ನು ಆ ಕಡೆ ಕೊಟ್ಟಿತ್ತು. ಅವಳ ಬಾಯಿಂದ ಸುದ್ದಿ ಹಬ್ಬಿ ಟ್ರೈಲರ್ ತುಂಬ ಹೆಂಗಸರು. ಮುಂದೆ ಇಳಿದವರೇ ಲಕ್ಕವ್ವ. ಎತ್ತರದ ಆಳು, ಹಣೆ ತುಂಬ ಕುಂಕುಮ. ಸೆರಗಿನೊಳಗಿಂದ ಹೊಸ ಕಬ್ಬಿಣದ ರೊಟ್ಟಿ ಹಂಚು ತೆಗೆದು ಅತ್ತೆಯ ಕೈಗಿಟ್ಟರು. ಅವರ ಹಿಂದೆ ಇಳಿದವರ ಕೈಯಲ್ಲೂ ರೊಟ್ಟಿ ಹಂಚು. ಅವರ ಹಿಂದಿನವರದ್ದೂ ಅದೇ.

ಅತ್ತೆ ನನ್ನ ಕಡೆ ನೋಡಿದರು. ನಾನು ಕರಪತ್ರದ ಕಡೆ ನೋಡಿದೆ.

"ಇದಲ್ಲವ್ವ... ಸೂರಿಗೆ ಹಾಕಾದು" ಎಂದು ಅತ್ತೆ ಮೆಲ್ಲಗೆ ಅಂದರು.

ಲಕ್ಕವ್ವ ಸೊಂಟದ ಮೇಲೆ ಕೈಯಿಟ್ಟರು. "ಹೆಂಗಸ್ರ ಕೋಲಾಟ, ಹೆಂಗಸ್ರಿಗೆ ಭವನ, ಮನೆಗೊಂದು ಹಂಚು ತರ್ರಿ ಅಂದ್ರೆ ಇನ್ಯಾವ ಹಂಚು ತರ್ತಾರೆ ಹೇಳು? ಸೂರು ಗಂಡಸ್ರ ಬಾಬ್ತು. ಭವನಕ್ಕೆ ಪಾತ್ರೆ ಕೊಡಾದು, ಹೆಸ್ರು ಹೊಡ್ಸಾದು ಎಲ್ಲೂ ಇಲ್ದಿದ್ದೇನಲ್ಲ. ಹೆಸ್ರೂ ಹೊಡ್ಸೇ ತಂದೀವಿ."

ಯೋಚಿಸಿದರೆ ಅವರು ಹೇಳಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. ಕಟ್ಟೆಯ ಮೇಲೆ ಕುಂತಿದ್ದ ಪರಮೇಶಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಬಿಡಕ್ಕ, ಭವನದ ಮ್ಯಾಲೆ ಬಿಸ್ಲಿಗೆ ರೊಟ್ಟಿ ಬೇಯಿಸಾಣ" ಎಂದ. ಅದೇ ಹೊತ್ತಿಗೆ ಕೈ ಬೀಸಿಕೊಂಡು ಬಂದಿದ್ದ ಅಜ್ಜನೊಬ್ಬ ನನ್ನ ಹತ್ತಿರ ಬಂದು ಗುಟ್ಟಿನಲ್ಲಿ ಕೇಳಿದ: "ಹಂಚಾದು ಎಷ್ಟೊತ್ತಿಗವ್ವ? ಲಾಡೋ, ಬರೀ ಮಂಡಕ್ಕಿಯೋ?"

ಆದರೂ ಸಂಜೆ ನಡೆಯಲೇಬೇಕಿತ್ತು. ಮೈಕಿನವನು ಹಲೋ ಹಲೋ ಎಂದು ಎಷ್ಟು ಹೊತ್ತು ಪರೀಕ್ಷೆ ಮಾಡಿದನೆಂದರೆ ಹಿಂದಿನ ಸಾಲಿನವರು ಅದೇ ಮೊದಲ ಕಾರ್ಯಕ್ರಮವೆಂದು ಚಪ್ಪಾಳೆ ಹೊಡೆದರು. ನಾನು ಪಟ್ಟೆಸೀರೆ ಉಟ್ಟು, "ಇದೀಗ ಹಟ್ಟಿಯ ಚಿತ್ತಜ್ಜನವರು ತಮ್ಮ ಗಣೆವಾದನವನ್ನು ಪ್ರಸ್ತುತಪಡಿಸಲಿದ್ದಾರೆ" ಎಂದೆ. "ಏನು ಪಡಿಸ್ತಾರಂತೆ?" ಎಂದು ಯಾರೋ ಕೇಳಿದರು. "ಕಷ್ಟ ಪಡಿಸ್ತಾರಂತೆ" ಎಂದು ಇನ್ಯಾರೋ ಹೇಳಿದರು. ಗಣೆ ಎಂದರೆ ಕುರಿ ಕಾಯುವವರು ಊದುವ ಉದ್ದನೆಯ ಬಿದಿರ ಕೊಳಲು. ಮೈಕಿನವನು ಓಲಗದ ಲೆಕ್ಕದಲ್ಲಿ ಅದರ ಕೆಳತುದಿಗೆ ಮೈಕ್ ಇಟ್ಟ. ಚಿತ್ತಜ್ಜ ಊದಿದ್ದೇ, ಎಲ್ಲಿದ್ದವೋ ಅವರ ನಾಯಿಗಳೆರಡು ಜನರ ನಡುವೆ ನುಗ್ಗಿ ಬಂದು ಆ ಮೈಕಿನ ಮುಂದೆಯೇ ಮಲಗಿದವು. ಊರಿಗೆಲ್ಲ ಕೇಳಿಸಿದ್ದು ಮುಕ್ಕಾಲು ಪಾಲು ನಾಯಿಗಳ ಏದುಸಿರು. "ಅವು ಇಲ್ದಿದ್ರೆ ನಂಗೆ ಉಸ್ರು ಬರಲ್ಲವ್ವ" ಎಂದು ಚಿತ್ತಜ್ಜ ನನ್ನನ್ನೇ ಸಮಾಧಾನ ಮಾಡಿದರು.

ಆಮೇಲೆ ನಮ್ಮ ಕೋಲಾಟ. ಭವನದ ಮುಂದಿನ ಬಯಲಲ್ಲಿ ಮಂಡಿನೋವಿನವರೆಲ್ಲ ಸುತ್ತು ಕಟ್ಟಿದರು. ಅತ್ತೆ ಹಿಡಿದದ್ದು ಅವರವ್ವನ ಬಾವಿ ಪದ. ನೀರಿಗೆ ಹೋದ ಸೊಸೆಗೆ ಬಾವಿಯ ಹಗ್ಗ ಸಾಲದು. ಸೆರಗು ಕಟ್ಟಿ ಉದ್ದ ಮಾಡುತ್ತಾಳೆ, ಆಗಲೂ ಸಾಲದು. ಜಡೆ ಕಟ್ಟುತ್ತಾಳೆ, ಆಗಲೂ ಸಾಲದು. ಪ್ರತಿ ನುಡಿಯ ಕೊನೆಗೂ ಎಲ್ಲರೂ "ಸಾಲದಮ್ಮ ಸಾಲದು" ಎನ್ನಬೇಕು. ಎರಡು ನುಡಿ ಆಗಿರಲಿಲ್ಲ, ನೋಡಲು ಬಂದಿದ್ದ ಲಕ್ಕವ್ವನ ಕಡೆಯವರಿಗೆ ಸುಮ್ಮನೆ ಕೂರಲಾಗಲಿಲ್ಲ. ಅವರೂ ಅವರೂರಿನ ಕೋಲಾಟದವರೇ. ಕೋಲು ತಂದಿರಲಿಲ್ಲ. ಅತ್ತೆಯ ಚೀಲದಲ್ಲಿದ್ದ ಮಿಕ್ಕ ಕೋಲುಗಳನ್ನು ಒಂದೊಂದಾಗಿ ಎಳೆದುಕೊಂಡರು, ಇನ್ನೊಂದು ಕೈಯಲ್ಲಿ ರೊಟ್ಟಿ ಹಂಚು ಹಿಡಿದು ಬಾರಿಸತೊಡಗಿದರು.

ಠಣ್ ಎಂದಿತು ನೋಡಿ. ಚಿತ್ತಜ್ಜನ ನಾಯಿಗಳು ಎದ್ದು ಓಡಿದವು. ಅತ್ತೆ ಪದ ನಿಲ್ಲಿಸಿಬಿಟ್ಟರು. ಪರಮೇಶಣ್ಣನ ನಗುವೂ ನಿಂತಿತು. ಅವರ ಅವ್ವನ ಪದಕ್ಕೆ ಪಾತ್ರೆ ಬಡಿದದ್ದಕ್ಕೆ ಏನು ಬೈಯುತ್ತಾರೋ ಎಂದು ನಾನು ಮೈಕ್ ಆರಿಸಿದೆ.

"ಲೇ ಲಕ್ಕವ್ವ," ಎಂದರು ಅತ್ತೆ, "ಬಡಿಯಾದಾದ್ರೆ ತಾಳಕ್ಕೆ ಬಡಿ. ಜೋಳದ ರೊಟ್ಟಿ ಬಡಿದಂಗೆ ಬಡೀಬ್ಯಾಡ."

ಮತ್ತೆ ಶುರುವಾಯಿತು. ಕೋಲಿಗೊಂದು ಪೆಟ್ಟು, ಹಂಚಿಗೊಂದು ಪೆಟ್ಟು. ಒಳಗೊಂದು ಸುತ್ತು, ಹೊರಗೊಂದು ಸುತ್ತು. ಅಂಥ ಗದ್ದಲ ನಮ್ಮೂರು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಆ ಗದ್ದಲದಲ್ಲಿ ಯಾರನ್ನು ಯಾರು ನೋಡುತ್ತಾರೆ? ಹಿಂದೆ ಗೋಡೆಗೆ ಒರಗಿ ನಿಂತಿದ್ದ ಸವಿತಾ ಮೊದಲು ಬಂದು ಹೊರಸುತ್ತಿಗೆ ಸೇರಿದಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಗುಂಪಾಗಿ ಉಳಿದವರು. ಬೈಕಿನ ಹುಡುಗರು ಇದ್ದರು, ನೋಡಿದರು, ಆದರೆ ಅಷ್ಟು ಹೆಂಗಸರ ನಡುವೆ ಯಾರಿಗೆ ಶಿಳ್ಳೆ ಹೊಡೆಯಬೇಕೆಂದು ಅವರಿಗೇ ತಿಳಿಯಲಿಲ್ಲ. ಪದ ಮುಗಿದಾಗ ಅತ್ತೆ ಬೆವರಿನಲ್ಲಿ ತೊಯ್ದು ನನ್ನ ಪಕ್ಕ ಬಂದು ಕುಂತು, "ನೋಡ್ದೇನೆ, ಹುಡ್ಗೇರು ಬಂದ್ವು" ಎಂದರು. ಹಂಚು ಬಂದಾಯಿತು, ಸುಮ್ಮನೆ ಯಾಕೆ ಬಿಡಬೇಕೆಂದು ಲಕ್ಕವ್ವನ ಕಡೆಯವರು ಅಲ್ಲೇ ಮೂರು ಕಲ್ಲು ಹೂಡಿ ರಾಗಿ ರೊಟ್ಟಿ ತಟ್ಟಿದರು. ಲಾಡು ಕೇಳಿದ್ದ ಅಜ್ಜನಿಗೆ ಹಂಚಿದ್ದು ಅದೇ.

ಮಾರನೆಯ ದಿನ ಹಂಚು ಹೊದಿಸುವ ಹನುಮಂತಣ್ಣ ಬಂದು ಸಾಲು ನೋಡಿದ, ತಲೆ ಕೆರೆದುಕೊಂಡ.

"ಅಕ್ಕ, ಇವು ಒಂದಕ್ಕೊಂದು ಕೂಡಲ್ಲ. ಒಂದೊಂದು ಒಂದೊಂದು ಅಚ್ಚಿಂದು. ಬೀಗರ ಪಂಕ್ತಿ ಆದಂಗೆ ಆಗೈತೆ. ಪಕ್ಕ ಪಕ್ಕ ಕುಂಡ್ರಿಸಿದ್ರೆ ಎಗ್ರಿ ನಿಲ್ತಾವೆ."

ಹೇಗೋ ಹೊಂದಿಸಿ ಒಂದು ಕಡೆಯ ಇಳಿಜಾರು ಮುಚ್ಚಿದ. ಇನ್ನೊಂದು ಇಳಿಜಾರು ಬರಿದೇ ಉಳಿಯಿತು. ಪರಮೇಶಣ್ಣನ ಹೊಲದಲ್ಲಿ ಈರುಳ್ಳಿ ಗರಿ ಬಾಗಿ ಒಣಗತೊಡಗಿತ್ತು. ಅವನೇನೂ ಹೇಳುತ್ತಿರಲಿಲ್ಲ. ದಿನಾ ಸಂಜೆ ಬಂದು ಭವನದ ಮುಚ್ಚದ ಅರ್ಧವನ್ನು ನೋಡಿಕೊಂಡು ಹೋಗುತ್ತಿದ್ದ. ಅತ್ತೆ ಊಟ ಬಿಟ್ಟರು. ಬಿಟ್ಟರು ಎಂದರೆ ಒಂದು ಮುದ್ದೆ ಉಣ್ಣುವವರು ಅರ್ಧ ಮುದ್ದೆಗೆ ಇಳಿದರು. ಅವರ ಮಟ್ಟಿಗೆ ಅದು ಉಪವಾಸ. ಹುಡುಗಿಯರು ಬಂದರು, ಆದರೆ ಬರಲು ಜಾಗ ಇಲ್ಲ ಎಂಬುದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಒಂದು ಸೋಮವಾರ ನಾನೂ ನಮ್ಮ ಯಜಮಾನರೂ ಹೊಸದುರ್ಗಕ್ಕೆ ಹೋಗಿದ್ದೆವು. ಅವರಿಗೆ ಅಲ್ಲಿ ಕೊಬ್ಬರಿ ಮಂಡಿಯಲ್ಲಿ ಕೆಲಸ, ನನಗೆ ಬಳೆ ತೊಡಿಸಿಕೊಳ್ಳುವುದಿತ್ತು. ಸಂಜೆ ಮನೆಗೆ ಬಂದು ಪಡಸಾಲೆಗೆ ಕಾಲಿಟ್ಟರೆ ಏನೋ ಬೆಳಕು ಜಾಸ್ತಿ ಅನಿಸಿತು. ಒಂದು ಕಾಗೆ ತೊಲೆಯ ಮೇಲೆ ಕುಂತಿತ್ತು. ತಲೆಯೆತ್ತಿ ನೋಡಿದೆ. ಆಕಾಶ.

"ಅತ್ತೆ! ನಮ್ಮ ಸೂರೆಲ್ಲಿ?"

"ಭವನದ ಮ್ಯಾಲೈತೆ" ಎಂದು ಅಡುಗೆಮನೆಯಿಂದ ಉತ್ತರ ಬಂತು.

ಪಡಸಾಲೆಯ ಹಂಚೆಲ್ಲ ಒಂದೇ ಅಚ್ಚಿನವಂತೆ. ಹನುಮಂತಣ್ಣ ಹೊಂದುವ ಹಂಚು ಬೇಕೆಂದು ಕೇಳಿದ್ದಕ್ಕೆ ಅತ್ತೆ ಬೆರಳೆತ್ತಿ ಮೇಲೆ ತೋರಿಸಿದ್ದರು. ನಮ್ಮ ಯಜಮಾನರು ತಾಯಿಗೆ ಎದುರು ಮಾತಾಡುವವರಲ್ಲ. ಸ್ವಲ್ಪ ಹೊತ್ತು ಆಕಾಶ ನೋಡಿ, ಗೂಟಕ್ಕಿದ್ದ ಛತ್ರಿ ತೆಗೆದು ಪಕ್ಕದಲ್ಲಿಟ್ಟುಕೊಂಡು ಊಟಕ್ಕೆ ಕುಂತರು. ನಾನು ಬಿಡಲಿಲ್ಲ.

"ಒಂದು ಮಾತು ಕೇಳಬಾರದಿತ್ತಾ ಅತ್ತೆ?"

"ನೀನೇ ಬರ್ದಿದ್ದಲ್ಲ, ಮನೆಗೊಂದು ಹಂಚು ಅಂತ. ನಮ್ಮನೇದು ಒಂದೂ ಕೊಟ್ಟಿರ್ಲಿಲ್ಲ." ಅವರು ಮಗನ ತಟ್ಟೆಗೆ ಮುದ್ದೆ ಬಡಿಸಿದರು. "ಈ ಸೂರು ನಿಮ್ಮಾವ ಇದ್ದಾಗ ಹಾಕ್ಸಿದ್ದು. ನಾನ್ ಕೋಲಾಟಕ್ಕೆ ಹೋಗ್ತೀನಿ ಅಂದ್ರೆ ಇದೇ ಪಡಸಾಲೇಲಿ ಕುಂತು ಬಾಗ್ಲಿಗೆ ಚಿಲ್ಕ ಹಾಕಳರು. ಎಷ್ಟೋ ಹಬ್ಬ ನಾನು ಒಳಗೆ ಕುಂತು ಹೊರಗಿನ ಪದ ಕೇಳೀನಿ. ಈಗ ಅವ್ರ ಸೂರೇ ಕೋಲಾಟಕ್ಕೆ ಹೋತು. ಸರಿಯಾತು ಬಿಡು."

ಆ ರಾತ್ರಿ ಅತ್ತೆ ಪೂರ್ತಿ ಮುದ್ದೆ ಉಂಡರು.

ಪರಮೇಶಣ್ಣ ಮಾತಿಗೆ ತಪ್ಪಲಿಲ್ಲ. ಭವನ ಹೆಂಗಸರಿಗೆ ಬಿಟ್ಟ. ಆದರೆ ಹೆಣೆಸಿಟ್ಟ ಗರಿ, ಕಿತ್ತ ಈರುಳ್ಳಿ, ಎರಡನ್ನೂ ಎಲ್ಲಿಡುವುದು? ಅದಕ್ಕೂ ಅತ್ತೆಯೇ ದಾರಿ ಹೇಳಿದರು: "ಗರಿ ತಂದು ನಮ್ಮ ಪಡಸಾಲೆಗೆ ಹೊದ್ಸು. ಈರುಳ್ಳಿ ಅದ್ರಡೀಲಿ ಸುರ್ಕ." ಹೀಗೆ ಕೋಲಾಟ ಭವನಕ್ಕೆ ಹೋಯಿತು, ಈರುಳ್ಳಿ ನಮ್ಮ ಮನೆಗೆ ಬಂತು. ಚಿತ್ತೆ ಮಳೆ ಹೊಡೆಯುವಾಗ ನಾವು ಈರುಳ್ಳಿ ನೆನೆಯದ ಹಾಗೆ ಗೋಣಿ ಹಾಸಿ, ನೆನೆಯುತ್ತ ನಾವೇ ಒಳಗೆ ಓಡುತ್ತಿದ್ದೆವು. ನನ್ನ ತಾಯಿ ನೋಡಲು ಬಂದವರು ನನ್ನ ಕೆಂಪು ಕಣ್ಣು ಕಂಡು ಮೂಲೆಗೆ ಕರೆದು, "ಅತ್ತೆ ಏನಾದ್ರೂ ಅಂದ್ರೇನೇ?" ಎಂದು ಕೇಳಿದರು. ಇಲ್ಲಮ್ಮ, ಈರುಳ್ಳಿ ಎಂದೆ. ನಂಬಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಕಣ್ಣಲ್ಲೂ ನೀರು ಬಂತು. ಅದು ಮಗಳ ಸಂಕಟಕ್ಕೋ ಈರುಳ್ಳಿಗೋ ಇವತ್ತಿಗೂ ತೀರ್ಮಾನವಾಗಿಲ್ಲ. ರೊಟ್ಟಿ ಹಂಚುಗಳನ್ನು ಲಕ್ಕವ್ವ ವಾಪಸ್ ಒಯ್ಯಲು ಒಪ್ಪದೆ ಹೋದದ್ದರಿಂದ ಭವನದಲ್ಲಿ ಜಾಗವಾಗದೆ ಮನೆಗೊಂದರಂತೆ ಹಂಚಿಕೊಂಡೆವು. ಲಕ್ಕವ್ವನದು ನಮ್ಮ ಪಾಲಿಗೆ ಬಂತು. "ಮ್ಯಾಲಿನ ಹಂಚು ಹೋತು, ಒಲೆ ಮ್ಯಾಲಿಂದು ಬಂತು" ಎಂದರು ಅತ್ತೆ.

ಭವನದ ಸೂರು ನಿಂತಿತು, ಆದರೆ ಊರ ಹಂಚೂ ನಮ್ಮ ಹಂಚೂ ಕೂಡುವ ಕಡೆ ಯಾವತ್ತೂ ಸರಿಯಾಗಿ ಕೂಡಲಿಲ್ಲ. ಮಳೆ ಬಂದರೆ ಅಲ್ಲಿಂದ ಸುರಿದು ಭವನದ ನಡುವೆ ಒಂದು ಗುಂಡಿಯಷ್ಟು ನೀರು ನಿಲ್ಲುತ್ತಿತ್ತು. ಹನುಮಂತಣ್ಣ ಎಷ್ಟು ಸಲ ಹತ್ತಿಳಿದರೂ ಅದು ನಿಲ್ಲಲಿಲ್ಲ. ಅತ್ತೆ ಅದಕ್ಕಾಗಿ ಕೋಲಾಟ ನಿಲ್ಲಿಸುವವರಲ್ಲ. ಬಾವಿ ಪದದಲ್ಲಿ ಸುತ್ತು ಆ ಜಾಗಕ್ಕೆ ಬಂದಾಗ ಕೋಲು ಹಿಡಿದ ಕೈಯಲ್ಲೇ ನೆರಿಗೆ ಎತ್ತಿ ಹಿಡಿದು ನೀರನ್ನು ಎಗರಿ ದಾಟುತ್ತಿದ್ದರು. ಅವರ ಹಿಂದಿದ್ದವರೂ ಎಗರಿದರು. ಸವಿತಾ ಮತ್ತು ಅವಳ ಜೊತೆಯ ಹುಡುಗಿಯರು ಕಲಿತದ್ದು ಆ ಮಳೆಗಾಲದಲ್ಲೇ. ಅವರಿಗೆ ಎಗರುವುದೂ ಪದದ ಜೊತೆಗೇ ಬಂತು. ಬೇಸಿಗೆಯಲ್ಲೂ ಎಗರಿದರು.

ಅತ್ತೆ ಹೋಗಿ ವರ್ಷಗಳಾದವು. ಆಮೇಲೆ ಭವನದ ಹಂಚು ತೆಗೆದು ಸಿಮೆಂಟಿನ ಮೋಲ್ಡ್ ಹಾಕಿದರು, ನೆಲಕ್ಕೆ ಟೈಲ್ಸ್ ಬಂತು. ಈಗ ಕೋಲಾಟ ಕಲಿಸುವವಳು ಸವಿತಾ. ಅವಳ ತಂಡ ಒಂದು ಸಲ ದುರ್ಗದಲ್ಲಿ ಸ್ಪರ್ಧೆಗೆ ಹೋಗಿತ್ತು. ಅಲ್ಲಿದ್ದ ಪಂಡಿತರೊಬ್ಬರು ಆ ಎಗರುವ ಹೆಜ್ಜೆಯನ್ನು ಮೆಚ್ಚಿ, ಇದು ವೇದಾವತಿ ಹೊಳೆ ದಾಟುವುದರ ಸಂಕೇತ, ಬಹಳ ಪ್ರಾಚೀನವಾದದ್ದು ಎಂದು ವೇದಿಕೆಯಲ್ಲೇ ವಿವರಿಸಿದರಂತೆ. ಸವಿತಾ ಬಂದು ಹೇಳಿದಾಗ ನನಗೆ ಅತ್ತೆಯ ಹಾಗೆ ನಗು ಬಂತು, ನಕ್ಕು ನಕ್ಕು ಕಣ್ಣು ಒರೆಸಿಕೊಂಡೆ.

ಮೊನ್ನೆ ತಂಗಿಯನ್ನು ಬಸ್ಸು ಹತ್ತಿಸಿ, ಉಳಿದ ಅರ್ಧ ಕಥೆ ಗಂಟಲಲ್ಲೇ ಇಟ್ಟುಕೊಂಡು ಭವನದ ಕಡೆ ಹೋದೆ. ಅಭ್ಯಾಸ ನಡೆದಿತ್ತು. ಎಂದಿನಂತೆ ಬಾಗಿಲ ಪಕ್ಕ ಕುಂತೆ. ಒಂದು ಪುಟ್ಟ ಹುಡುಗಿ ಸುತ್ತಿನ ನಡುವೆ ನಿಂತುಬಿಟ್ಟು ಕೇಳಿದಳು: "ಇಲ್ಲಿ ಯಾಕಕ್ಕ ಎಗರ್ಬೇಕು? ಏನೂ ಇಲ್ವಲ್ಲ?"

ಸವಿತಾ ನನ್ನ ಕಡೆ ನೋಡಿದಳು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಸೋರುತ್ತಿತ್ತು ಕಣೇ, ಈಗ ಸೋರುವುದಿಲ್ಲ, ಎಗರಬೇಕಾಗಿಲ್ಲ. ನಿಜ ಅದು. ಆದರೆ ಹೇಳಿದರೆ ನಾಳೆಯಿಂದ ಇವರು ಎಗರುವುದಿಲ್ಲ. ಹೀಗೆ ಯೋಚಿಸಿದ್ದೇ ಅತ್ತೆಯ ನೆನಪು ಒತ್ತಿಕೊಂಡು ಬಂತು, ಅಳುವೇ ಬಂತು. ಈ ಸಲ ಈರುಳ್ಳಿ ಇರಲಿಲ್ಲ.

"ತಿಮ್ಮಜ್ಜಿ ಎಗರ್ತಿದ್ಲು, ಅದಕ್ಕೆ" ಎಂದೆ.

ಹುಡುಗಿಗೆ ಅದು ಸಾಕಾಯಿತು. "ಜೋಡಿಗೆ ಒಬ್ರು ಕಮ್ಮಿ ಅವ್ರೆ, ಬರ್ರಿ ಆಂಟಿ" ಎಂದು ಸವಿತಾ ಕರೆದಳು. ಮಾತಾಡುವುದಕ್ಕೆ ಮಾತ್ರ ಸರಿಯಾದವಳು ನಾನು ಎನ್ನಬೇಕೆಂದಿದ್ದೆ, ಅಷ್ಟರಲ್ಲಿ ಕೋಲು ಕೈಗೆ ಬಂದಿತ್ತು. ಪದ ಶುರುವಾಯಿತು. ಸೆರಗು ಸಾಲದು, ಜಡೆ ಸಾಲದು. ಸುತ್ತು ತಿರುಗುತ್ತ ಆ ಜಾಗ ಬಂತು. ತಲೆಯೆತ್ತಿ ನೋಡಿದೆ. ಮೋಲ್ಡು ಒಣಗಿ ಬೆಳ್ಳಗಿತ್ತು, ಎಲ್ಲೂ ಒಂದು ಹನಿ ಇರಲಿಲ್ಲ. ಸೀರೆ ನೆನೆಯದಿರಲೆಂದು ನೆರಿಗೆ ಎತ್ತಿ ಹಿಡಿದು ಎಗರಿದೆ.